ಸಕಲೇಶಪುರ: ತಂಪು ಕಾಯುವವರ ಊರು

ಮಂಜು, ಬೆಟ್ಟ, ಮಳೆ ಹುಡುಕಿಕೊಂಡು ವಾರಾಂತ್ಯಕ್ಕೆ ಸಾವಿರಾರು ಜನ ಬರುತ್ತಾರೆ. ಇಲ್ಲೇ ಹುಟ್ಟಿ ಬಾಳುವವರ ಬದುಕು ಹಸನಾಗಿದ್ದರಷ್ಟೇ ಆ ತಂಪು ಉಳಿಯುತ್ತದೆ.

ಜೂನ್ ಬಂತೆಂದರೆ ಸಕಲೇಶಪುರದ ಪೇಟೆಯಲ್ಲಿ ಮಾತೆಲ್ಲ ಮಳೆಯದೇ. ಮೃಗಶಿರ ಹಿಡಿಯಿತೇ, ಆರಿದ್ರಾ ಹೇಗೆ ಹುಯ್ಯಬಹುದು, ಪುನರ್ವಸುವಿನಲ್ಲಿ ಹೇಮಾವತಿ ಹೊಳೆ ಎಷ್ಟು ಏರಬಹುದು ಎಂಬ ಚರ್ಚೆ ಅಂಗಡಿ ಕಟ್ಟೆಯಿಂದ ಬಸ್ ನಿಲ್ದಾಣದವರೆಗೂ ನಡೆಯುತ್ತದೆ. ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿ, ಪಶ್ಚಿಮ ಘಟ್ಟದ ಅಂಚಿನಲ್ಲೇ ಕುಳಿತ ಊರು ಇದು. ಅರಬ್ಬೀ ಸಮುದ್ರದಿಂದ ಬಂದ ಮೋಡ ಘಟ್ಟಕ್ಕೆ ಡಿಕ್ಕಿ ಹೊಡೆದು, ಮೇಲೇರಿ, ತಣಿದು ಸುರಿಯುತ್ತದೆ. ಹಾಗಾಗಿ ಒಂದೇ ತಾಲ್ಲೂಕಿನಲ್ಲಿ ಘಾಟಿಯ ಅಂಚಿನ ಊರುಗಳಿಗೆ ಬೀಳುವ ಮಳೆಗೂ ಮೂಡಣ ಬದಿಗೆ ಬೀಳುವ ಮಳೆಗೂ ಅಜಗಜಾಂತರ.

ತಾಲ್ಲೂಕಿನ ಬಿಸಿಲೆ ಕಡೆಯ ದಿಣ್ಣೆಯೊಂದರಲ್ಲಿ ನಿಂತರೆ ಈ ನೆಲದ ಮಹತ್ವ ತಾನಾಗಿಯೇ ತಿಳಿಯುತ್ತದೆ. ಆ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಹನಿ ಕುಮಾರಧಾರಾ, ನೇತ್ರಾವತಿಗಳ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಹೇಮಾವತಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ ಹರಿಯುತ್ತದೆ. ಇಲ್ಲಿನ ಒಂದು ಗುಡ್ಡ ಕೆಟ್ಟರೆ ಎರಡು ದಿಕ್ಕಿನ ನೀರು ಕೆಡುತ್ತದೆ.

ನೆರಳಿನ ಲೆಕ್ಕ

ಈ ಊರಿನ ಹಿತವಾದ ಹವೆ ತಾನಾಗಿ ಬಂದದ್ದಲ್ಲ. ಅದರ ಹಿಂದೆ ಶೋಲಾ ಕಾಡಿದೆ, ಹುಲ್ಲುಗಾವಲಿದೆ, ಕಾಫಿ ತೋಟದ ಮರಗಳಿವೆ. ಹಲಸು, ಅತ್ತಿ, ನಂದಿ, ಹಾಲುವಾಣಗಳ ಅಡಿಯಲ್ಲಿ ಬೆಳೆಯುವ ಕಾಫಿ ನೆಲದ ತೇವ ಕಾಯುತ್ತದೆ, ಹಕ್ಕಿಗಳಿಗೆ ನೆಲೆ ಕೊಡುತ್ತದೆ. 19ನೇ ಶತಮಾನದ ನಡುವಿನಲ್ಲಿ ಇಲ್ಲಿನ ಮಂಜರಾಬಾದ್ ಸೀಮೆಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್, 1894ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ನೆರಳಿಗಾಗಿಯೇ ಒಂದು ಅಧ್ಯಾಯ ಮೀಸಲಿಟ್ಟಿದ್ದರು. ಮರಗಸಿಯಲ್ಲಿ ಎಷ್ಟು ಕೊಂಬೆ ಇಳಿಸಬೇಕು, ಎಷ್ಟು ಬಿಡಬೇಕು ಎಂಬುದು ಇಲ್ಲಿನ ಕೆಲಸಗಾರರ ಕೈಗೆ ಇಂದಿಗೂ ಗೊತ್ತಿರುವ ವಿದ್ಯೆ.

ಈಗ ತಪ್ಪುತ್ತಿರುವುದು ಮಳೆಯ ಹೊತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬರಬೇಕು, ಕೆಲವು ವಾರ ಬಿಟ್ಟು ಮತ್ತೊಂದು ಹದಮಳೆ ಬೀಳಬೇಕು, ಕುಯ್ಲಿನ ದಿನಗಳಲ್ಲಿ ಕಣಕ್ಕೆ ಬಿಸಿಲು ಬೇಕು. 2021ರ ಜನವರಿಯಲ್ಲಿ ಕುಯ್ಲಿನ ನಡುವೆಯೇ ಮಳೆ ಸುರಿಯಿತು. ಅಂಥ ಮಳೆಗೆ ಗಿಡದಲ್ಲಿನ ಹಣ್ಣು ಉದುರುತ್ತದೆ, ಕಣದಲ್ಲಿ ಹರವಿದ ಕಾಫಿಗೆ ಬೂಷ್ಟು ಹಿಡಿಯುತ್ತದೆ. ಬೆಳೆ ಕೈಕೊಟ್ಟ ಬೆಳೆಗಾರ ಮರ ಮಾರುವ, ತೋಟವನ್ನು ರೆಸಾರ್ಟಿಗೆ ಕೊಡುವ ಯೋಚನೆಗೆ ಬೀಳುತ್ತಾನೆ. ಮರ ಹೋದ ಮೇಲೆ ಯಾವ ತಂಪನ್ನು ಹುಡುಕಿಕೊಂಡು ಪ್ರವಾಸಿಗರು ಬಂದಾರು?

ಬೆಟ್ಟಕ್ಕೂ ಮಿತಿಯಿದೆ

ಹೊರಗೆ ಸುತ್ತಾಡುವ ಸುಖಕ್ಕೆ ಇಲ್ಲಿ ಕೊರತೆಯಿಲ್ಲ. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರಲ್ಲಿ ಪೂರ್ಣಗೊಂಡ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಮೆಟ್ಟಿಲೇರಿದರೆ ಸುತ್ತಲಿನ ಗುಡ್ಡಸಾಲು ಕಣ್ಣಿಗೆ ತುಂಬುತ್ತದೆ. ಬಿಸಿಲೆಯ ಕಾಡಿದೆ. ಜೇನುಕಲ್ಲು ಗುಡ್ಡ, ಪಾಂಡವರ ಗುಡ್ಡಗಳಿವೆ. ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗಗಳನ್ನು ಹಾದು ಇಳಿಯುವ ರೈಲು ಮಾರ್ಗವಿದೆ. ಹಳಿಯ ಮೇಲಿನ ಚಾರಣಕ್ಕೆ ನಿಷೇಧವಿರುವುದು ಸರಿಯೇ, ಅದು ಜೀವಕ್ಕೆ ಅಪಾಯ. ಆ ಮಾರ್ಗದ ಕಣಿವೆಯನ್ನು ನೋಡಲು 2021ರ ಜುಲೈನಿಂದ ಬೆಂಗಳೂರು–ಮಂಗಳೂರು ರೈಲಿನಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗಳು ಬಂದಿವೆ.

ಆತಂಕ ಇರುವುದು ಹುಲ್ಲುಗಾವಲಿನ ಮೇಲೆ ಜೀಪು ಓಡಿಸುವ ಹುಚ್ಚಿನಲ್ಲಿ. ಗುಡ್ಡದ ತೆಳು ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು. ಚಕ್ರ ಕೊರೆದ ಜಾಡು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಮಣ್ಣು ಕೆಳಗಿನ ಹಳ್ಳ ಸೇರುತ್ತದೆ. ಆ ಹಳ್ಳವೇ ಕೆಳಗಿನವರ ಗದ್ದೆಗೂ ಮನೆಗೂ ನೀರು.

ಮಿತಿ ಹಾಕುವುದು ಆಗದ ಮಾತಲ್ಲ. 2024ರ ಜನವರಿಯಲ್ಲಿ ಹತ್ತಿರದ ಕುಮಾರ ಪರ್ವತದಲ್ಲಿ ಚಾರಣಿಗರು ಕಿಕ್ಕಿರಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ನಂತರ ಆನ್‌ಲೈನ್ ನೋಂದಣಿ ತಂದು ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಇಟ್ಟಿತು. ಸಕಲೇಶಪುರದ ಪ್ರತಿ ಗುಡ್ಡಕ್ಕೂ ಅದರ ತಾಕತ್ತಿಗೆ ತಕ್ಕ ಲೆಕ್ಕ ಬೇಕು. ಜೊತೆಗೆ ಅದೇ ಊರಿನ ಹುಡುಗ ಹುಡುಗಿಯರು ಮಾರ್ಗದರ್ಶಕರಾಗಬೇಕು.

ಆನೆ ನಡೆಯುವ ನೆಲ

ಪ್ರವಾಸಿ ಹಾಸಿಗೆ ಬಿಟ್ಟೇಳುವ ಮುನ್ನವೇ ತೋಟದ ಕೆಲಸಗಾರರು ಮೊಬೈಲ್ ನೋಡಿಕೊಂಡು ಹೊರಟಿರುತ್ತಾರೆ. ಯಾವ ತೋಟದಲ್ಲಿ ಆನೆ ನಿಂತಿದೆ ಎಂಬ ಸಂದೇಶ ಅದರಲ್ಲಿರುತ್ತದೆ. ಹಿಂಡಿನ ಆನೆಗೆ ರೇಡಿಯೊ ಕಾಲರ್ ತೊಡಿಸಿ ಎಚ್ಚರಿಕೆ ಕಳಿಸುವ ಈ ವ್ಯವಸ್ಥೆ ಜೀವ ಉಳಿಸುತ್ತಿದೆ. ಆದರೂ ಭಯ ಹೋಗಿಲ್ಲ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಸಾಕಾನೆ ಅರ್ಜುನ 2023ರ ಡಿಸೆಂಬರ್ 4ರಂದು ಪ್ರಾಣ ಬಿಟ್ಟದ್ದು ಇದೇ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ. ಇಂಥ ನೆಲದಲ್ಲಿ ನಡುರಾತ್ರಿಯ ಡಿಜೆ, ಪಟಾಕಿ, ಕತ್ತಲಲ್ಲಿ ತೋಟದ ರಸ್ತೆಯ ಸುತ್ತಾಟ ಬರೀ ಕಿರಿಕಿರಿಯಲ್ಲ. ಬೆದರಿದ ಆನೆ ದಿಕ್ಕು ಬದಲಿಸಿದರೆ ಬೆಳಿಗ್ಗೆ ಅದಕ್ಕೆ ಎದುರಾಗುವವರು ಕೂಲಿಗೆ ಹೊರಟ ಹೆಂಗಸರು.

ಮೊದಲು ಇಲ್ಲಿಯವರಿಗೆ

2024ರ ಜುಲೈನಲ್ಲಿ ಮಂಗಳೂರಿನ ಕಡೆಗೆ ಇಳಿಯುವ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯಿತು. ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ದಿನಗಟ್ಟಲೆ ನಿಂತವು. ಪ್ರವಾಸ ಹೊರಟವರು ಬುಕಿಂಗ್ ರದ್ದು ಮಾಡಿದರೆ ಮುಗಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗೆ, ಸರಕು ಕಾದು ಕುಳಿತ ಅಂಗಡಿಯವನಿಗೆ ಹಾಗೆ ರದ್ದು ಮಾಡುವ ಅವಕಾಶವಿಲ್ಲ.

ಆದ್ದರಿಂದ ಈ ಊರಿನ ಏಳಿಗೆಯನ್ನು ರೂಮುಗಳ ಲೆಕ್ಕದಲ್ಲಿ ಅಳೆಯಬಾರದು. ಮಳೆಗಾಲದಲ್ಲೂ ನೆಚ್ಚಬಹುದಾದ ರಸ್ತೆ, ಹೊತ್ತಿಗೆ ಸಿಗುವ ತಜ್ಞ ವೈದ್ಯರು, ಕೊಳಚೆ ಸೇರದ ಹೇಮಾವತಿ, ಸಂಜೆ ಹಿರಿಯರು ನಡೆದಾಡಲು ಹೊಳೆಯ ದಂಡೆಯಲ್ಲೊಂದು ಹಾದಿ, ಮಕ್ಕಳಿಗೆ ಆಟದ ಬಯಲು: ಬಾಳಲು ಯೋಗ್ಯವಾದ ಊರಿಗೆ ಬೇಕಾದವು ಇವು. ಗುಡ್ಡ ಹತ್ತುವವರು ಕೊಡುವ ಶುಲ್ಕದ ಒಂದು ಪಾಲು ಆಯಾ ಗ್ರಾಮ ಪಂಚಾಯಿತಿಗೆ ನೇರವಾಗಿ ಸೇರಲಿ. ನೆರಳುಮರ ಉಳಿಸಿಕೊಂಡ ಬೆಳೆಗಾರನಿಗೆ ಅದರ ಬೆಲೆ ಸಿಗಲಿ.

ಬೆಟ್ಟದ ತಂಪು ಅನುಭವಿಸಲು ಬರುವ ನಾವೆಲ್ಲ ಆ ತಂಪನ್ನು ಕಾಯುವವರ ಋಣದಲ್ಲಿದ್ದೇವೆ. ಊರಿನವರಿಗೆ ಹಿತವಾದ ಸಕಲೇಶಪುರ ನಂಟರಿಗೂ ಹಿತವಾಗಿಯೇ ಇರುತ್ತದೆ. ನಂಟರಿಗೆಂದೇ ಕಟ್ಟಿದ ಸಕಲೇಶಪುರದಲ್ಲಿ ಕೊನೆಗೆ ಇಬ್ಬರಿಗೂ ಜಾಗವಿರುವುದಿಲ್ಲ.