ಸಂಡಿಗೆ ಕಾಯುವ ಹೊತ್ತಿನ ಓದು

ಓದನ್ನು ಹಚ್ಚಿಕೊಂಡ ತಾಯಿಯೊಬ್ಬಳು ಬರುವ ವರ್ಷಕ್ಕೆ ಏನೇನು ಹಾಕಿಕೊಳ್ಳಬಹುದು ಎಂದು ಯೋಚಿಸುವಾಗ ಪೇಟೆಯ ಮನೆಗಳಲ್ಲಿ ಮೊದಲು ಸಿದ್ಧವಾಗುವುದು ಪುಸ್ತಕಗಳ ಪಟ್ಟಿ. ಸರಗೂರಿನ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಪಂಚಾಂಗವನ್ನು. ಕಪಿಲೆಯ ದಂಡೆಯ ಈ ಊರು ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ತಾಲ್ಲೂಕು ಕೇಂದ್ರವಾಗಿದ್ದರೂ ಇದರ ಬದುಕು ಸುತ್ತಲಿನ ಹೊಲಗದ್ದೆಗಳನ್ನೇ ನೆಚ್ಚಿಕೊಂಡಿದೆ. ಹತ್ತಿ, ರಾಗಿ, ಮುಸುಕಿನ ಜೋಳ, ಹೊಗೆಸೊಪ್ಪು, ನಾಲೆಯ ಕೆಳಗಿನ ಬತ್ತ, ಈಚೆಗೆ ಶುಂಠಿ, ಹೀಗೆ ಒಂದೊಂದು ಬೆಳೆಯೂ ಒಂದೊಂದು ತಿಂಗಳಲ್ಲಿ ಹೆಂಗಸರ ಕೈಯನ್ನು ಬೇಡುವುದರಿಂದ ಓದಿಗೆ ಸಿಗುವ ಹೊತ್ತು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ತಿಂಗಳಿಗೆ ಇಷ್ಟು ಪುಸ್ತಕ ಎಂಬ ಲೆಕ್ಕ ಇಲ್ಲಿ ಆಷಾಢದ ಹೊತ್ತಿಗೇ ಕುಸಿದು ಬೀಳುತ್ತದೆ. ಅದಕ್ಕೆ ತಾಯಿಯ ಆಲಸ್ಯ ಕಾರಣವಲ್ಲ, ಲೆಕ್ಕ ಹಾಕಿದ ರೀತಿಯೇ ಕಾರಣ.

ಹವ್ಯಾಸವೆಂದರೆ ಬಿಡುವಿನಲ್ಲಿ ಸಂತೋಷಕ್ಕಾಗಿ ಮಾಡುವ ಕೆಲಸ ಎಂಬುದು ರೂಢಿಯ ಅರ್ಥ. ಆದರೆ ತಾಯಂದಿರ ಹವ್ಯಾಸಗಳು ಬಿಡುವಿಗಾಗಿ ಕಾದು ಕೂರದೆ ಕೆಲಸದ ಒಳಗೇ ಜಾಗ ಮಾಡಿಕೊಂಡಿರುತ್ತವೆ. ರಂಗೋಲಿ ಅಂಗಳ ಗುಡಿಸಿ ಸಾರಿಸುವ ಕೆಲಸದ ಕೊನೆಗೆ ಬರುತ್ತದೆ, ಹೂವಿನ ಗಿಡಗಳು ಪಾತ್ರೆ ತೊಳೆದ ನೀರು ಹರಿಯುವ ಹಿತ್ತಲಲ್ಲಿ ಬೆಳೆಯುತ್ತವೆ, ಓದೂ ಹಾಗೆಯೇ ಯಾವುದಾದರೊಂದು ಕೆಲಸದ ಮಗ್ಗುಲಲ್ಲಿ ಕುಳಿತಿರುತ್ತದೆ. ಇದಕ್ಕೆ ಬೇಸಿಗೆಯ ಸಂಡಿಗೆ, ಹಪ್ಪಳಗಳ ಕಾಲಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು: ನಸುಕಿನಲ್ಲೇ ಅಕ್ಕಿಹಿಟ್ಟನ್ನು ಕುದಿಸಿ ತಿರುವಿ, ತಾರಸಿಯ ಮೇಲೆ ಹಳೆಯ ಪಂಚೆ ಹಾಸಿ, ಬಿಸಿಲು ಏರುವ ಮೊದಲು ಸಂಡಿಗೆ ಇಟ್ಟು ಮುಗಿಸಿದ ಮೇಲೆ ಅದನ್ನು ಕಾಗೆ, ಅಳಿಲುಗಳಿಂದ ಕಾಯುವ ಕೆಲಸ ಉಳಿಯುತ್ತದೆ. ಎಡಗೈಯ ಬಳಿ ಒಂದು ಕೋಲು, ತೊಡೆಯ ಮೇಲೆ ಒಂದು ಕಾದಂಬರಿ, ತಲೆಯ ಮೇಲೆ ಸೆರಗು. ಕಾಯುವವಳು ಕತೆಯಲ್ಲಿ ತೀರ ಮುಳುಗಿದರೆ ಕಾಗೆಯ ಪಾಲು ಸ್ವಲ್ಪ ಹೆಚ್ಚುತ್ತದೆ, ಅಷ್ಟೆ. ಮನೆಯವರ ಕಣ್ಣಿಗೆ ಕೆಲಸವಾಗಿಯೂ ಅವಳ ಪಾಲಿಗೆ ಬಿಡುವಾಗಿಯೂ ಒದಗುವ ಇಂಥ ಹೊತ್ತುಗಳನ್ನು ಗುರುತಿಸಿಕೊಳ್ಳುವುದೇ ವರ್ಷದ ಯೋಜನೆಯ ಅರ್ಧ ಭಾಗ.

ಓದಿನ ಜೊತೆಗೆ ಹುಟ್ಟಿದ ಇನ್ನೊಂದು ಹವ್ಯಾಸ ಪುಸ್ತಕ ಕಟ್ಟುವುದು. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’ ಮೊದಲಾದ ವಾರಪತ್ರಿಕೆಗಳು ಧಾರಾವಾಹಿ ಕಾದಂಬರಿಗಳನ್ನು, ಅಂದರೆ ವಾರಕ್ಕೊಂದು ಕಂತಾಗಿ ಹರಿದುಬರುವ ಕಾದಂಬರಿಗಳನ್ನು, ಮನೆಮನೆಗೆ ತಲುಪಿಸುತ್ತಿದ್ದ ಕಾಲದಲ್ಲಿ ಪ್ರತಿವಾರ ಆ ಪುಟಗಳನ್ನಷ್ಟೇ ಬಿಡಿಸಿ ಜೋಡಿಸಿಟ್ಟು, ಕತೆ ಮುಗಿದ ಮೇಲೆ ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನೋ ಮದುವೆ ಕರೆಯೋಲೆಯನ್ನೋ ರಟ್ಟಾಗಿ ಅಂಟಿಸಿ ಪುಸ್ತಕ ಮಾಡಿಕೊಂಡ ತಾಯಂದಿರು ಹಳೆಯ ಮೈಸೂರಿನ ಊರುಗಳಲ್ಲಿ ಬಹಳ ಮಂದಿ ಇದ್ದರು. ನಡುವೆ ಒಂದು ವಾರದ ಸಂಚಿಕೆ ತಪ್ಪಿದ್ದರೆ ಆ ಜಾಗದಲ್ಲಿ ಪಕ್ಕದ ಮನೆಯವರಿಂದ ಕೇಳಿ ತಿಳಿದ ಕತೆಯನ್ನು ನೋಟುಬುಕ್ಕಿನ ಹಾಳೆಯಲ್ಲಿ ಬರೆದು ಸೇರಿಸುವುದೂ ಉಂಟು. ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದವರು ಲೇಖಕರನ್ನೂ ಪ್ರಕಾಶಕರನ್ನೂ ಹೆಸರಿಸಿದ್ದಾರೆ. ದಬ್ಬಳ ಹಿಡಿದ ಈ ಓದುಗರಿಗೆ ಅದರಲ್ಲಿ ಒಂದು ಅಧ್ಯಾಯ ಸಲ್ಲಬೇಕಾಗಿತ್ತು.

ಹಾಗೆ ನೋಡಿದರೆ ಪುಸ್ತಕವನ್ನು ಪ್ರೀತಿಸಿದ ತಾಯಿಯ ಚರಿತ್ರೆ ಕನ್ನಡದಲ್ಲಿ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ, ಪತಿ ನಾಗದೇವನನ್ನು ಕಳೆದುಕೊಂಡು ಮಗ ಅಣ್ಣಿಗದೇವನನ್ನು ಬೆಳೆಸಿದವಳು, ಪೊನ್ನ ಕವಿಯ ‘ಶಾಂತಿಪುರಾಣ’ಕ್ಕೆ ಒಂದು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು, ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ‘ಅಜಿತಪುರಾಣ’ ಸಿದ್ಧವಾಗಲು ಕಾರಣಳಾದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಪ್ರತಿ ಮಾಡುವುದೆಂದರೆ ಹದಗೊಳಿಸಿದ ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಲೇಖನಿಯಿಂದ ಒಂದೊಂದಕ್ಷರವನ್ನೂ ಕೊರೆದು, ಅದಕ್ಕೆ ಮಸಿ ತುಂಬಿ ಒರೆಸುವುದು; ಸಾವಿರ ಪ್ರತಿಗೆ ಎಷ್ಟು ಲಿಪಿಕಾರರು, ಎಷ್ಟು ದಿನ ಬೇಕಾಗಿರಬಹುದೆಂದು ಊಹಿಸಿದರೆ ಆ ಯೋಜನೆಯ ಗಾತ್ರ ತಿಳಿಯುತ್ತದೆ. ಗಮನಿಸಬೇಕಾದದ್ದೇನೆಂದರೆ, ಅತ್ತಿಮಬ್ಬೆ ಎಷ್ಟು ಗ್ರಂಥ ಓದಿದ್ದಳೆಂಬುದನ್ನು ಯಾರೂ ಎಣಿಸಿಲ್ಲ, ಎಷ್ಟು ಮಂದಿಯ ಕೈಗೆ ಓದನ್ನು ಮುಟ್ಟಿಸಿದಳೆಂಬುದೇ ಜನರ ನೆನಪಿನಲ್ಲಿ ಉಳಿದಿದೆ.

ಸರಗೂರನ್ನು ದಾಟಿದ ಕಪಿಲೆ ಮುಂದೆ ತಲುಪುವ ನಂಜನಗೂಡಿನಲ್ಲಿ ಇದೇ ಜಾತಿಯ ಇನ್ನೊಂದು ಸಾಹಸ ನಡೆಯಿತು. 1887ರಲ್ಲಿ ಅಲ್ಲಿ ಹುಟ್ಟಿದ ತಿರುಮಲಾಂಬಾ ಅವರಿಗೆ ಬಾಲ್ಯದಲ್ಲೇ ಮದುವೆಯಾಗಿ, ಹದಿನಾಲ್ಕರ ವಯಸ್ಸಿಗೆ ವೈಧವ್ಯ ಬಂದಿತು. ತವರಿನಲ್ಲಿ ತಂದೆಯ ಬೆಂಬಲದಿಂದ ಓದು ಮುಂದುವರಿಸಿದ ಅವರು 1913ರಲ್ಲಿ ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು, ಎಂದರೆ ಒಂದೇ ಹೆಸರಿನ ಅಡಿಯಲ್ಲಿ ಒಂದರ ಹಿಂದೊಂದು ಬರುವ ಪುಸ್ತಕಗಳ ಸರಣಿಯನ್ನು ಸ್ಥಾಪಿಸಿ, ಮೊದಲ ಕಾದಂಬರಿ ‘ಸುಶೀಲೆ’ಯನ್ನು ತಾವೇ ಬರೆದು ಹೊರತಂದರು; ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ತಾಯ್ತನ ಅವರ ಪಾಲಿಗೆ ಬರಲಿಲ್ಲ. ಆದರೆ ಮನೆವಾಳ್ತೆಯ ನಡುವೆ ಓದುವ ಹೆಂಗಸರನ್ನೇ ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕ ಮಾಡಿದವರಲ್ಲಿ ಕನ್ನಡದಲ್ಲಿ ಅವರು ಮೊದಲಿಗರು. ಅವರ ಕಾದಂಬರಿಗಳ ಉಪದೇಶದ ಧಾಟಿ ಇಂದಿನ ಓದುಗರಿಗೆ ಹಿಡಿಸದಿರಬಹುದು, ಅದರಿಂದ ಅವರ ಕೆಲಸದ ತೂಕವೇನೂ ಕಡಿಮೆಯಾಗುವುದಿಲ್ಲ.

ಆ ಓದುಗ ವರ್ಗವೇ ಒಂದು ತಲೆಮಾರಿನ ಅನಂತರ ತ್ರಿವೇಣಿಯವರ ಕಾದಂಬರಿಗಳನ್ನು ಕೈಯಿಂದ ಕೈಗೆ ದಾಟಿಸಿತು. ಮೈಸೂರಿನ ಚಾಮರಾಜಪುರಂನಲ್ಲಿ ಬಾಳಿ, 1963ರಲ್ಲಿ ಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡ ಈ ಲೇಖಕಿ ಮನಶ್ಶಾಸ್ತ್ರವನ್ನು ಓದಿದ್ದವರು. ಹೆರಿಗೆಯ ಮುಂದಿನ ದಿನಗಳಲ್ಲಿ ತಾಯಿಯ ಮನಸ್ಸು ಕದಡುವ ಸ್ಥಿತಿಯನ್ನು ‘ಶರಪಂಜರ’ದಲ್ಲಿ ಇಟ್ಟು ತೋರಿಸಿ, ಕಾಯಿಲೆಗಿಂತ ಮನೆಯವರ ಅನುಮಾನ ಹೇಗೆ ಹೆಚ್ಚು ಕೊಲ್ಲುತ್ತದೆಂಬುದನ್ನು ಸಾಮಾನ್ಯ ಓದುಗರಿಗೆ ತಿಳಿಯುವಂತೆ ಬರೆದರು. ಅದನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ಚಿತ್ರವನ್ನು ನೋಡಿದವರು ಹೆಚ್ಚು, ಪುಸ್ತಕವನ್ನು ಓದಿದವರು ಕಡಿಮೆ. ಬರುವ ವರ್ಷದ ಓದಿಗೆ ಹಳೆಯ ಪುಸ್ತಕವೊಂದನ್ನು ಆರಿಸಿಕೊಳ್ಳುವುದಾದರೆ ಇದು ಮೊದಲು ನಿಲ್ಲುತ್ತದೆ. ಹೊಸದರಲ್ಲಿ, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ಬಾನು ಮುಷ್ತಾಕ್ ಅವರ ಕತೆಗಳನ್ನು ಅನುವಾದಕ್ಕೆ ಕಾಯದೆ ಮೂಲದಲ್ಲೇ ಓದುವ ಭಾಗ್ಯ ಕನ್ನಡದ ತಾಯಂದಿರದು. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ಬೇರೆ ಕಡೆಯ ಓದುಗರಿಗೆ ಭಾಷೆಯ ದೃಷ್ಟಿಯಿಂದ ಕಷ್ಟವೆನಿಸಿದರೂ ಈ ಸೀಮೆಯವರಿಗೆ ಅದು ಜಗಲಿಯ ಮೇಲಿನ ಮಾತು. ಮೌನವಾಗಿ ಓದುವುದಕ್ಕಿಂತ ದನಿಯೆತ್ತಿ ಓದಿದರೆ ಇನ್ನೂ ಬೇಗ ಒಲಿಯುತ್ತದೆ.

ವರ್ಷಕ್ಕೆ ಹೊಂದುವ ಓದು ಹೇಗಿರಬೇಕೆಂಬುದನ್ನು ತಾಯಿಯೂ ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ (1934–1991) ತಮ್ಮದೇ ರೀತಿಯಲ್ಲಿ ತೋರಿಸಿಕೊಟ್ಟಿದ್ದಾರೆ. ಅವರ ‘ದಿನಕ್ಕೊಂದು ಕಥೆ’ ಮಕ್ಕಳಿಗಾಗಿ ತಿಂಗಳಿಗೊಂದು ಸಂಪುಟದಂತೆ ಹನ್ನೆರಡು ಸಂಪುಟಗಳಲ್ಲಿ ಬಂದಿತು. ಮಲಗುವ ಮುಂಚೆ ಹತ್ತು ನಿಮಿಷ, ಒಂದು ಕತೆ, ಮಾರನೆಯ ದಿನಕ್ಕೆ ಇನ್ನೊಂದು. ಒಂದು ದಿನ ತಪ್ಪಿದರೂ ಯೋಜನೆ ಕೆಡದು. ತಾಯಂದಿರ ದಿನಚರಿಯ ಅಳತೆಗೆ ಹೊಲಿದ ಅಂಗಿಯಂಥ ಪುಸ್ತಕವಿದು.

ಈ ಅಳತೆಯನ್ನು ಸರಗೂರಿನ ವರ್ಷಕ್ಕೆ ಹೊಂದಿಸಿದರೆ ಯೋಜನೆಯ ರೂಪ ಸ್ಪಷ್ಟವಾಗುತ್ತದೆ. ರಾಗಿ ಕಣಕ್ಕೆ ಬಂದು ಸಂಕ್ರಾಂತಿ ಕಳೆದ ಮೇಲಿನ ಎರಡು ಮೂರು ತಿಂಗಳು ದೊಡ್ಡ ಕಾದಂಬರಿಗಳ ಕಾಲ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ಅವರು ಪಾಠ ಓದುವ ರಾತ್ರಿಗಳಲ್ಲಿ ಜೊತೆಗೆ ಎಚ್ಚರವಿರುವ ತಾಯಿಗೂ ಒಂದು ಪುಸ್ತಕ ಬೇಕಾಗುತ್ತದೆ, ಟಿ.ವಿ.ಯಂತೂ ಆ ದಿನಗಳಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ. ಮುಂಗಾರು ಹಿಡಿದು ಹತ್ತಿ, ಜೋಳಗಳ ಕಳೆ ಕೀಳುವ ಕೆಲಸ ಆರಂಭವಾದಂತೆ ಪುಸ್ತಕದ ಗಾತ್ರ ಇಳಿಯಬೇಕು. ಜುಲೈಯಿಂದ ಮುಂದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಗಳಲ್ಲಿ ಹೊಗೆಸೊಪ್ಪಿನ ಕಟಾವು; ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಬೆಂಕಿಯ ಶಾಖದ ಮನೆಯಲ್ಲಿ ಒಣಗಿಸಿ, ಅನಂತರ ಬಣ್ಣ, ಗುಣ ನೋಡಿ ಬೇರೆ ಮಾಡುವವರೆಗೆ ಅಂಟು ಹಿಡಿದ ಬೆರಳುಗಳಿಂದ ಪುಟ ತಿರುವುವುದು ಆಗದ ಮಾತು. ಆ ತಿಂಗಳುಗಳು ಕಿವಿಯ ಓದಿಗೆ ಸಲ್ಲಬೇಕು. ಕನ್ನಡದಲ್ಲಿ ಇದು ಹೊಸದೇನಲ್ಲ: ಕಾವ್ಯವನ್ನು ಒಬ್ಬರು ರಾಗವಾಗಿ ವಾಚಿಸಿ ಇನ್ನೊಬ್ಬರು ಅರ್ಥ ಹೇಳುವ ಗಮಕದ ಪದ್ಧತಿಯಿಂದಲೇ ಅಕ್ಷರ ಬಾರದ ಎಷ್ಟೋ ಅವ್ವಂದಿರು ಕುಮಾರವ್ಯಾಸನನ್ನು ಬಲ್ಲವರಾಗಿದ್ದರು. ಇಂದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಿಂದ ನಡೆಸುವ ‘ಜನಧ್ವನಿ’ ಸಮುದಾಯ ಬಾನುಲಿ, ಅಂದರೆ ಒಂದು ಸೀಮೆಯ ಜನರಿಗಾಗಿ ಅವರ ನಡುವಿನಿಂದಲೇ ಪ್ರಸಾರವಾಗುವ ರೇಡಿಯೊ, ಊರಿನಲ್ಲೇ ಇದೆ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬರು ಕಾಲು ಗಂಟೆ ಕತೆ ಓದುವುದಕ್ಕೂ ಖರ್ಚಿಲ್ಲ. ದಸರೆ ಮುಗಿದು ನವೆಂಬರ್ ಬಂದಾಗ ಕೊಳ್ಳುವ ಯೋಚನೆ ಮಾಡಬಹುದು, ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಗಳು ರಿಯಾಯಿತಿ ದರದಲ್ಲಿ ದೊರೆಯುತ್ತವೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲದ ಕಾರಣ ಮೈಸೂರಿನ ಪುಸ್ತಕದಂಗಡಿಗೆ ಹೋಗಿಬರುವ ವೆಚ್ಚವೂ ಪುಸ್ತಕಕ್ಕೇ ಉಳಿಯುತ್ತದೆ.

ಕೊಳ್ಳಲಾಗದವರಿಗೆ ಗ್ರಂಥಾಲಯವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ವಸೂಲು ಮಾಡುತ್ತವೆ, ಆದ್ದರಿಂದ ಮನೆಗಂದಾಯ ಕಟ್ಟುವ ಪ್ರತಿ ಕುಟುಂಬವೂ ಪುಸ್ತಕಕ್ಕಾಗಿ ಈಗಾಗಲೇ ಹಣ ತೆತ್ತಿದೆ ಎಂದೇ ಅರ್ಥ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ಈಗ ‘ಅರಿವು ಕೇಂದ್ರ’ಗಳೆನಿಸಿವೆ, ಮರುವರ್ಷ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಹಳ್ಳಿಯ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಸಿಕ್ಕಿದೆ. ಮಗುವಿನ ಕಾರ್ಡಿನಲ್ಲಿ ಬಂದ ಪುಸ್ತಕವನ್ನು ತಾಯಿ ಓದಬಾರದೆಂಬ ನಿಯಮವೇನೂ ಇಲ್ಲ. ಇಷ್ಟಿದ್ದೂ ತಾಯಂದಿರು ಅಲ್ಲಿ ಕಡಿಮೆ ಕಾಣುವುದಕ್ಕೆ ಕಾರಣ ಹುಡುಕುವವರು 1931ರಲ್ಲಿ ಎಸ್.ಆರ್. ರಂಗನಾಥನ್ ನಿರೂಪಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ನೋಡಬೇಕು. ಅವುಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆನ್ನುತ್ತದೆ. ಹೆಂಗಸರು ಹೊಲದಲ್ಲೋ ಒಲೆಯ ಮುಂದೋ ಇರುವ ಹೊತ್ತಿನಲ್ಲೇ ಬಾಗಿಲು ತೆರೆದು ಮುಚ್ಚುವ ಗ್ರಂಥಾಲಯ, ಎಷ್ಟೇ ಪುಸ್ತಕ ತುಂಬಿಕೊಂಡಿದ್ದರೂ, ಆ ಸೂತ್ರವನ್ನು ಮುರಿದಂತೆಯೇ.

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ 2024ರಲ್ಲಿ ಒಬ್ಬ ಮಹಿಳೆ ತಿಂಗಳಿಗೆ 2,000 ರೂಪಾಯಿಯಂತೆ ಬಂದ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಹಣವನ್ನು ಕೂಡಿಟ್ಟು ಊರಿನ ಮಕ್ಕಳಿಗಾಗಿ ಗ್ರಂಥಾಲಯ ತೆರೆದದ್ದು ನಾಡಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಎಲ್ಲ ತಾಯಂದಿರಿಂದಲೂ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ, ಆ ಹಣಕ್ಕೆ ಹೆಚ್ಚಿನ ಮನೆಗಳಲ್ಲಿ ಅಕ್ಕಿ, ಔಷಧಿ, ಶಾಲೆಯ ಖರ್ಚುಗಳು ಸರದಿ ನಿಂತಿರುತ್ತವೆ. ಪಂಚಾಯಿತಿಗಳಿಂದ ನಿರೀಕ್ಷಿಸಬಹುದಾದದ್ದು ಇದಕ್ಕಿಂತ ಬಹಳ ಸಣ್ಣದು. ಮಹಿಳಾ ಗ್ರಾಮಸಭೆ ಸೇರಿದಾಗ ಕುಡಿಯುವ ನೀರು, ಬೀದಿದೀಪಗಳ ಜೊತೆಗೆ ಅರಿವು ಕೇಂದ್ರದ ವೇಳಾಪಟ್ಟಿಯನ್ನೂ ತಾಯಂದಿರು ಚರ್ಚೆಗೆ ತರಲಿ. ವಾರದಲ್ಲಿ ಎರಡು ಸಂಜೆ, ದೀಪ ಹಚ್ಚಿದ ಮೇಲೆ ಒಂದು ಗಂಟೆ, ಅದರ ಬಾಗಿಲು ತೆರೆದಿರಲಿ.