ಬ್ಯಾಟರಿ ಬೆಳಕು ಎಲ್ಲಿಗೆ ಬೀಳಬೇಕು?

ಅರಸೀಕೆರೆ ಕಡೆ ರಾತ್ರಿ ಹೊತ್ತು ತ್ರೀಫೇಸ್ ಕರೆಂಟ್ ಬಂದರೆ ರೈತರು ಮೋಟಾರ್ ಹಾಕಲು ತೆಂಗಿನ ತೋಟಕ್ಕೆ ಹೋಗಲೇಬೇಕು. ಹಳೇಬೀಡಿನ ಸುತ್ತ ಕೊನೆಯ ಬಸ್ಸಿನಲ್ಲಿ ಇಳಿದವರು ಊರು ಸೇರಲು ನಡೆಯಲೇಬೇಕು. ಶಿವರಾತ್ರಿ ಹತ್ತಿರವಾದಾಗ ಬೇಲೂರು ಮಾರ್ಗವಾಗಿ ಧರ್ಮಸ್ಥಳಕ್ಕೆ ಹೊರಟ ಪಾದಯಾತ್ರಿಗಳು ಬಿಸಿಲು ತಪ್ಪಿಸಲು ಕತ್ತಲಲ್ಲೇ ಹೆಜ್ಜೆ ಹಾಕುತ್ತಾರೆ. ರಾತ್ರಿ ಹೊರಗೆ ಹೋಗಬೇಡಿ ಎಂಬ ಬುದ್ಧಿಮಾತಿನಿಂದ ಇವರಿಗೆ ಪ್ರಯೋಜನವಿಲ್ಲ. ರಸ್ತೆ, ತೋಟ, ಕಾಫಿ ಸೀಮೆ ಈ ಮೂರು ಕಡೆ ಅಪಾಯ ಬೇರೆ ಬೇರೆ. ಒಂದು ಕಡೆ ಕಾಪಾಡುವ ಅಭ್ಯಾಸ ಇನ್ನೊಂದು ಕಡೆ ಸಾಲದು, ಕೆಲವೊಮ್ಮೆ ಮುಳುವೂ ಆಗಬಹುದು.

ರಸ್ತೆಯಲ್ಲಿ: ನೀವು ಕಾಣಿಸಬೇಕು

ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ 40 ಮೀಟರ್ ದಾಟಿರುತ್ತದೆ. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆ ತೊಟ್ಟವರು ಅಷ್ಟು ದೂರದಿಂದ ಕಾಣುವುದೇ ಕಷ್ಟ. ಎದುರಿನ ವಾಹನದ ಬೆಳಕು ಚಾಲಕನ ಕಣ್ಣಿಗೆ ಹೊಡೆದರಂತೂ ರಸ್ತೆಯಂಚು ಪೂರ್ತಿ ಮಾಯ.

ಆದ್ದರಿಂದ ರಸ್ತೆಯ ಬಲಬದಿಯಲ್ಲಿ, ವಾಹನಗಳಿಗೆ ಮುಖ ಮಾಡಿ ನಡೆಯಿರಿ. ನಿಮ್ಮ ಬದಿಯ ಗಾಡಿ ಎದುರಿಗೇ ಬರುವುದರಿಂದ ಪಕ್ಕಕ್ಕೆ ಸರಿಯಲು ಸಮಯ ಸಿಗುತ್ತದೆ. ಬಿಳಿ ಬಟ್ಟೆ ಒಳ್ಳೆಯದು, ಬೆಳಕು ಬಿದ್ದರೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ ಇನ್ನೂ ಒಳ್ಳೆಯದು. ಪಟ್ಟಿಯನ್ನು ಕಣಕಾಲಿಗೆ ಕಟ್ಟಿ: ಡಿಮ್ ಲೈಟ್ ಮೊದಲು ಬೀಳುವುದು ಅಲ್ಲಿಗೇ, ಮೇಲಾಗಿ ಕಾಲು ಆಡುತ್ತಿದ್ದರೆ ನಡೆಯುತ್ತಿರುವುದು ಮನುಷ್ಯ ಎಂದು ಚಾಲಕನಿಗೆ ತಕ್ಷಣ ತಿಳಿಯುತ್ತದೆ. ಗುಂಪಾಗಿ ಹೊರಟರೆ ಒಬ್ಬರ ಹಿಂದೊಬ್ಬರು ಸಾಲಾಗಿ ನಡೆಯಿರಿ; ಮುಂದಿನವರ ಕೈಯಲ್ಲೂ ಕೊನೆಯವರ ಕೈಯಲ್ಲೂ ಬ್ಯಾಟರಿ ಇರಲಿ. ಬೆಳಕನ್ನು ಚಾಲಕನ ಮುಖಕ್ಕೆ ಬಿಡಬೇಡಿ.

ತೋಟದಲ್ಲಿ: ನೆಲ ಕಾಣಬೇಕು

ತೋಟದಲ್ಲಿ ಬಿದ್ದ ಸೋಗೆ, ಮಟ್ಟೆ ರಾಶಿಗಳಲ್ಲಿ ಇಲಿ ಸೇರುತ್ತದೆ. ಇಲಿ ಹುಡುಕಿ ಹಾವು ಬರುತ್ತದೆ. ಕೊಳಕುಮಂಡಲದ ಮೈಮೇಲಿನ ಕಂದು ಮಚ್ಚೆಗಳು ಒಣಸೋಗೆಯ ಬಣ್ಣದಲ್ಲಿ ಬೆರೆತುಬಿಡುತ್ತವೆ. ಹೆಜ್ಜೆ ಸಪ್ಪಳಕ್ಕೆ ಅದು ಬಹಳ ಸಲ ಓಡಿಹೋಗುವುದಿಲ್ಲ. ಬಿದ್ದಲ್ಲೇ ಸುರುಳಿ ಸುತ್ತಿ, ಕುಕ್ಕರ್ ಕೂಗಿದ ಹಾಗೆ ಬುಸುಗುಡುತ್ತದೆ. ಹಾಗಾಗಿ ಇಲ್ಲಿ ಬೆಳಕು ದೂರಕ್ಕಲ್ಲ, ಮುಂದಿನ ಎರಡು ಹೆಜ್ಜೆಯ ಮೇಲೆ ಬೀಳಬೇಕು. ಗಮ್‌ಬೂಟ್ ಹಾಕಿ, ಕೋಲಿನಿಂದ ನೆಲ ತಟ್ಟುತ್ತಾ ಸಾಗಿ. ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುವ ಮುನ್ನ ಒಳಗೆ ಬೆಳಕು ಬಿಟ್ಟು ನೋಡಿ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲ್ ಪರದೆ ನೋಡಿದರೆ ಆ ಹೊಂದಿಕೆ ಕೆಡುತ್ತದೆ; ನಡೆಯುವಾಗ ಅದನ್ನು ನೋಡಬೇಡಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗಾಡದಂತೆ ದಬ್ಬೆ ಇಟ್ಟು, 108ಕ್ಕೆ ಕರೆ ಮಾಡಿ. ನಾಟಿ ಔಷಧಿ, ಮಂತ್ರ ಎಂದು ಹೊತ್ತು ಕಳೆಯಬೇಡಿ; ವಿಷಕ್ಕೆ ಮದ್ದು ಆಸ್ಪತ್ರೆಯ ಆಂಟಿವೆನಮ್ ಮಾತ್ರ. ಕಟ್ಟುಹಾವಿನ ಕಡಿತ ನೋಯದೆಯೂ ಇರಬಹುದು, ಗಂಟೆಗಳ ನಂತರ ರೆಪ್ಪೆ ಜೋತು ಉಸಿರಾಟಕ್ಕೆ ತೊಂದರೆಯಾಗುತ್ತದೆ. ಆದ್ದರಿಂದ ನೋವಿಲ್ಲವೆಂದು ಮನೆಯಲ್ಲಿ ಉಳಿಯಬೇಡಿ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಅರಸೀಕೆರೆಯ ಕಲ್ಲುಗುಡ್ಡಗಳ ಪಕ್ಕದ ತೋಟಗಳಲ್ಲಿ ಕರಡಿ, ಚಿರತೆಯ ಭಯವೂ ಇದೆ. ಕರಡಿಗೆ ದೃಷ್ಟಿ ಮಂದ. ಮನುಷ್ಯ ದಿಢೀರನೆ ಎದುರಾದರೆ ಗಾಬರಿಯಿಂದ ಮೇಲೆ ಬೀಳುತ್ತದೆ. ಅಲ್ಲಿ ಗಟ್ಟಿಯಾಗಿ ಮಾತಾಡುತ್ತಾ, ಜೊತೆ ಹಿಡಿದೇ ಹೋಗಿ.

ಕಾಫಿ ಸೀಮೆಯಲ್ಲಿ: ಸುದ್ದಿ ತಿಳಿದಿರಬೇಕು

ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆ ಲೆಕ್ಕಾಚಾರವೇ ಬದಲಾಗುತ್ತದೆ. ಹಗಲು ಎಸ್ಟೇಟಿನ ನೆರಳಲ್ಲಿ ನಿಂತ ಕಾಡಾನೆಗಳು ಸಂಜೆಯಿಂದ ಬೆಳಗಿನವರೆಗೆ ಗದ್ದೆ, ನೀರು ಅರಸಿ ರಸ್ತೆ ದಾಟುತ್ತವೆ. ಕಾಫಿ ಗಿಡದ ಹಿಂದೆ ಆನೆ ನಿಂತಿದ್ದರೆ ಹತ್ತು ಹೆಜ್ಜೆಯಲ್ಲೂ ಬ್ಯಾಟರಿಗೆ ಕಾಣದಿರಬಹುದು. ಹೀಗಾಗಿ ಇಲ್ಲಿ ರಕ್ಷಣೆ ಮನೆ ಬಿಡುವ ಮುನ್ನವೇ ಶುರುವಾಗಬೇಕು: ಅರಣ್ಯ ಇಲಾಖೆಯ ಎಚ್ಚರಿಕೆ ಸಂದೇಶ ನೋಡಿ, ಆನೆ ಎಲ್ಲಿದೆ ಎಂದು ನೆರೆಯವರನ್ನು ಕೇಳಿ, ಹತ್ತಿರದಲ್ಲಿದ್ದರೆ ಹೊರಡಬೇಡಿ. ಹೊರಡಲೇಬೇಕಾದರೆ ವಾಹನದಲ್ಲಿ ಹೋಗಿ.

ನಡೆದು ಹೋಗುವಾಗ ಮೊಬೈಲ್ ಹಾಡು ನಿಲ್ಲಿಸಿ, ಕಿವಿಗೊಡಿ. ಕೊಂಬೆ ಮುರಿಯುವ ಸದ್ದು, ಹಸಿ ಲದ್ದಿ, ಮೂಗಿಗೆ ಬಡಿಯುವ ವಾಸನೆ ಇದ್ದರೆ ಬಂದ ದಾರಿಯಲ್ಲೇ ವಾಪಸಾಗಿ. ಆನೆ ಕಂಡರೆ ಅದರ ಕಣ್ಣಿಗೆ ಬೆಳಕು ಬಿಡಬೇಡಿ, ಫೋಟೊಗೆ ನಿಲ್ಲಬೇಡಿ, ಸದ್ದಿಲ್ಲದೆ ದೂರ ಸರಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಯಾರಾದರೂ ಹಿಂಬಾಲಿಸಿದರೆ, ಅಪಘಾತವಾದರೆ 112.

ಎಷ್ಟು ಎಚ್ಚರ ವಹಿಸಿದರೂ ಅಪಾಯ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದಕ್ಕೆ ರಾತ್ರಿ ಹೊರಡಬೇಕಾದ ಕಾರಣವೇ ತಪ್ಪಬೇಕು. ರೈತ ಮಧ್ಯರಾತ್ರಿ ತೋಟಕ್ಕೆ ಹೋಗುವುದು ಕರೆಂಟ್ ಆ ಹೊತ್ತಿಗೆ ಬರುವುದರಿಂದ. ಪಿಎಂ-ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಕೊಟ್ಟು ಹಗಲಲ್ಲೇ ಪಂಪ್‌ಸೆಟ್ ಓಡಿಸಲು ಅವಕಾಶವಿದೆ. ನಮ್ಮ ಫೀಡರ್‌ಗೆ ಅದು ಯಾವಾಗ ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಬಸ್ ನಿಲ್ದಾಣದಿಂದ ಊರಿನವರೆಗೆ ಬೀದಿದೀಪ ಬೇಕೆಂಬ ಅರ್ಜಿಯನ್ನೂ ಅಲ್ಲೇ ಕೊಡಿ.