ಕರಿಯ ಬಣ್ಣದ ಮೇಲಿನ ಒಲವು

ಮಂಗಲಕಾರ್ಯಕ್ಕೆ ಕರಿಯ ಬಟ್ಟೆ ಸಲ್ಲದು ಎನ್ನುವವರು ನಾವೇ. ಅಂಗಡಿಗೆ ಹೋದಾಗ ಕರಿಯದನ್ನೇ ಮೊದಲು ಕೈಗೆತ್ತಿಕೊಳ್ಳುವವರೂ ನಾವೇ. ಕಾಗೆ, ಕರಿಯ ಬೆಕ್ಕು, ಅಮಾವಾಸ್ಯೆಯ ಇರುಳು ಎಂದರೆ ಮುಖ ತಿರುಗಿಸುವ ಜನ ಕಾಲಿಗೆ ಕರಿಯ ಬೂಟು, ಮೈಗೆ ಕರಿಯ ಕೋಟು, ಹೆಂಗಸರಾದರೆ ಕರಿಯ ಒಡಲಿನ ಸೀರೆ ಎಂದು ಹುಡುಕಿ ಕೊಳ್ಳುತ್ತಾರೆ. ಇಷ್ಟೊಂದು ನಿಂದೆಯೂ ಇಷ್ಟೊಂದು ಬೇಡಿಕೆಯೂ ಒಟ್ಟಿಗೆ ಬಂದ ಬಣ್ಣ ಬೇರೊಂದಿಲ್ಲ. ಇದು ಹೇಗಾಯಿತೆಂಬ ವಿಚಾರ ಬಹುದಿನಗಳಿಂದ ನನ್ನ ಮನಸ್ಸಿನಲ್ಲಿ ಸುಳಿಯುತ್ತಿದೆ.

ಬೆಳಗಾವಿ ಜಿಲ್ಲೆಯ ನಾಲ್ಕು ಊರುಗಳಲ್ಲಿ ನನಗೆ ಓಡಾಟ ಹೆಚ್ಚು. ಬೈಲಹೊಂಗಲದ ಪೇಟೆಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪಾದರಕ್ಷೆಯ ಅಂಗಡಿಗಳ ಮುಂದೆ ಕರಿಯ ಬೂಟುಗಳ ರಾಶಿ ಬೀಳುತ್ತದೆ. ಕಿತ್ತೂರಿನಲ್ಲಿ 1824ರ ಅಕ್ಟೋಬರ 23ರ ಗೆಲುವನ್ನು ನೆನೆಯುವ ಉತ್ಸವದ ಮೆರವಣಿಗೆಯಲ್ಲಿ ಡೊಳ್ಳಿನ ಮೇಳದವರ ಹೆಗಲ ಮೇಲೆ ಕರಿಯ ಕಂಬಳಿ. ಸವದತ್ತಿಯ ಎಲ್ಲಮ್ಮನ ಗುಡ್ಡವೆಲ್ಲ ಭಂಡಾರದ ಹಳದಿ. ಗುಡ್ಡದಿಂದ ಊರಿಗೆ ಬಂದು ನ್ಯಾಯಾಲಯದ ಅಂಗಳವನ್ನು ಹೊಕ್ಕರೆ ವಕೀಲರ ಕರಿಯ ಕೋಟುಗಳ ಸಂದಣಿ. ಮಗ್ಗದ ಊರಾದ ರಾಮದುರ್ಗದಲ್ಲಿ ಸೀರೆಯ ವ್ಯಾಪಾರಿ ಗಿರಾಕಿಯ ಮನಸ್ಸನ್ನು ಒಲಿಸಲು ಕಪಾಟಿನಿಂದ ತೆಗೆಯುವುದು ಕೆಂಪು ದಡಿಯ ಕರಿಯ ಇಳಕಲ್ಲ ಸೀರೆ. ನಾಲ್ಕು ಊರು, ನಾಲ್ಕು ಬಗೆಯ ಕಪ್ಪು. ಇವು ಒಂದೇ ದಾರಿಯಿಂದ ಬಂದವಲ್ಲ.

ಈ ಸೀಮೆಯಲ್ಲಿ ಕಪ್ಪಿಗೆ ಮೊದಲ ಗುರು ಮಣ್ಣು. 'ಕರ್ನಾಟಕ' ಎಂಬ ಹೆಸರೇ ಕರಿಯ ಮಣ್ಣಿನ ನಾಡು ಎಂಬುದರಿಂದ ಬಂದಿತೆಂದು ಕೆಲವು ಪಂಡಿತರ ಅಭಿಪ್ರಾಯ. ಎರೆಯ ಹೊಲ ಬೇಸಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಎತ್ತಿನ ಕಾಲನ್ನು ಹಿಡಿದೆಳೆಯುತ್ತದೆ. ಆದರೆ ಕುಡಿದ ನೀರನ್ನು ತಿಂಗಳುಗಟ್ಟಲೆ ಒಡಲಲ್ಲಿ ಇಟ್ಟುಕೊಂಡು ಹಿಂಗಾರಿಯ ಬಿಳಿಜೋಳವನ್ನೂ ಕಡಲೆಯನ್ನೂ ಇಬ್ಬನಿಯ ಬಲದಲ್ಲಿಯೇ ಬೆಳೆಸಿಕೊಡುತ್ತದೆ. ಬೈಲಹೊಂಗಲದ ಅರಳೆಯ ವ್ಯಾಪಾರ ಬೆಳೆದುದು ಈ ಮಣ್ಣಿನಿಂದ. ಮಣ್ಣೆತ್ತಿನ ಅಮಾವಾಸ್ಯೆಯಂದು ಇದೇ ಕರಿಯ ಮಣ್ಣಿನಿಂದ ಎತ್ತುಗಳನ್ನು ಮಾಡಿ ಪೂಜಿಸುತ್ತೇವೆ. ಒಕ್ಕಲಿಗನ ಕಣ್ಣಿಗೆ ಕಪ್ಪು ಹೊಲವೆಂದರೆ ಉಂಡುಟ್ಟು ಬಾಳುವ ಹೊಲ.

ಎರಡನೆಯದು ಕಂಬಳಿ. ದಖ್ಖನದ ಕುರಿಯ ಉಣ್ಣೆ ಒರಟು. ಅದರ ಬಣ್ಣ ಹುಟ್ಟಿನಿಂದಲೇ ಕಪ್ಪು. ಬಣ್ಣದ ಖರ್ಚಿಲ್ಲ, ಬಿಸಿಲಿಗೆ ಮಾಸುವ ಭಯ ಕಡಿಮೆ. ಹುಣಸೆಬೀಜದ ಗಂಜಿಯನ್ನು ಹಚ್ಚಿ ಬಿಗಿಗೊಳಿಸಿದ ನೂಲನ್ನು ಗುಂಡಿಮಗ್ಗದಲ್ಲಿ ನೇಯ್ದರೆ ಆ ಬಟ್ಟೆ ಮಳೆಯಲ್ಲಿ ಕೊಪ್ಪೆ, ಚಳಿಯಲ್ಲಿ ಹೊದಿಕೆ, ಹೊಲದಲ್ಲಿ ಹಾಸಿಗೆ. ಧೂಳು, ಕೆಸರು, ಸೆಗಣಿಯ ಕಲೆ ಅದರ ಮೇಲೆ ಕಾಣುವುದಿಲ್ಲ. ದಿನವೂ ಒಗೆಯಲು ನೀರಿಲ್ಲದ ಸೀಮೆಯಲ್ಲಿ ದುಡಿಯುವವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯಲ್ಲಿ ರಾಯಣ್ಣ ಹುಟ್ಟಿದ ಹಾಲುಮತದವರಲ್ಲಿ ಕರಿಯ ಕಂಬಳಿಯನ್ನು ಹಾಸಿ ಗದ್ದಿಗೆ ಮಾಡಿ ಅದರ ಮೇಲೆ ದೇವರನ್ನು ಕೂಡಿಸುತ್ತಾರೆ. ಅಮಂಗಲವೆಂದು ದೂರವಿಟ್ಟ ಬಣ್ಣ ಇಲ್ಲಿ ದೇವರ ಆಸನ! ಶಾಸ್ತ್ರ ಹೇಳಿದ ಮಂಗಲ ಬೇರೆ, ಬದುಕು ಕಲಿಸಿದ ಮಂಗಲ ಬೇರೆ ಎಂದು ನನಗನ್ನಿಸಿದ್ದು ಇಂಥ ಗದ್ದಿಗೆಯೊಂದರ ಮುಂದೆ.

ಉಣ್ಣೆಗೆ ಕಪ್ಪು ತಾನಾಗಿ ಒದಗಿತು, ಹತ್ತಿಗೆ ಹಾಗಲ್ಲ. ಬಿಳಿಯ ನೂಲಿಗೆ ನಿಜವಾದ ಕಪ್ಪನ್ನು ಏರಿಸುವುದು ಬಣ್ಣಗಾರರಿಗೆ ಬಲು ಕಷ್ಟದ ಕೆಲಸವಾಗಿತ್ತು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಲವು ದಿನ ಕೊಳೆಯಲು ಬಿಟ್ಟು, ಆ ರಸವನ್ನು ಅಳಲೆಕಾಯಿಯ ಕಷಾಯದಲ್ಲಿ ನೆನೆದ ಬಟ್ಟೆಗೆ ಹಚ್ಚಿದರೆ ಕಣ್ಣೆದುರಿಗೇ ಅದು ಕಪ್ಪಾಗುತ್ತದೆ. ಕಾಯಿಯ ಒಗರೂ ಕಬ್ಬಿಣವೂ ಕೂಡಿದಾಗ ಹುಟ್ಟುವ ಕಪ್ಪು ಅದು. ಹಳೆಯ ಕಾಲದ ಮಸಿಯ ಗುಟ್ಟೂ ಅದೇ. ಆದರೆ ಆ ಕಬ್ಬಿಣವೇ ಕಾಲಕ್ರಮದಲ್ಲಿ ನೂಲನ್ನು ತಿನ್ನುತ್ತದೆ. ಹಳೆಯ ಬಟ್ಟೆಗಳಲ್ಲಿ ಇಂಥ ಕಪ್ಪು ಭಾಗವೇ ಮೊದಲು ಜೀರ್ಣವಾಗಿ ಉದುರುವುದುಂಟು. ಯುರೋಪಿನಲ್ಲಿಯೂ ಗಾಢವಾದ ಕಪ್ಪು ದುಬಾರಿಯಾಗಿತ್ತು. ಆದ್ದರಿಂದಲೇ ಅದು ಅರಸರ ಬಣ್ಣವಾಯಿತು. ಹದಿನಾರನೆಯ ಶತಮಾನದ ಸ್ಪೇನಿನ ಆಸ್ಥಾನ ಕಪ್ಪನ್ನು ಉಟ್ಟಿತು. ಮೆಕ್ಸಿಕೋದ ಕಾಡುಗಳಿಂದ ಬಣ್ಣದ ಕಟ್ಟಿಗೆ ಹಡಗೇರಿ ಬಂದಂತೆ ಆ ಬಣ್ಣ ವ್ಯಾಪಾರಿಗಳ ಮನೆಗೂ ಇಳಿಯಿತು. 1863ರಲ್ಲಿ ಇಂಗ್ಲೆಂಡಿನ ಲೈಟ್‌ಫುಟ್ ಎಂಬವನು ಅನಿಲೀನಿನ ಕಪ್ಪಿಗೆ ಹಕ್ಕುಪತ್ರ ಪಡೆದನು. 1893ರಲ್ಲಿ ಫ್ರಾನ್ಸಿನ ವಿದಾಲ್ ಗಂಧಕದ ಕಪ್ಪನ್ನು ತಂದನು. ಅಂದಿನಿಂದ ಅರಸನ ಬಣ್ಣ ಗುಮಾಸ್ತನ ಕೈಗೂ ನಿಲುಕುವಂತಾಯಿತು. ಇಂದಿಗೂ ಹತ್ತಿಗೆ ಬಳಸುವ ಬಣ್ಣಗಳಲ್ಲಿ ಗಂಧಕದ ಕಪ್ಪಿನದು ದೊಡ್ಡ ಪಾಲು. ಕಪ್ಪು ಜನಪ್ರಿಯವಾದುದಕ್ಕೆ ಸೌಂದರ್ಯಪ್ರಜ್ಞೆಯಷ್ಟೇ ರಸಾಯನಶಾಸ್ತ್ರವೂ ಕಾರಣ.

ಆದರೆ ಅಗ್ಗವಾದುದೆಲ್ಲ ಪ್ರಿಯವಾಗುವುದಿಲ್ಲ. ಪ್ರೀತಿಯ ಕಾರಣವನ್ನು ತಿಳಿಯಬೇಕಾದರೆ ಚಂದ್ರಕಾಳಿಯನ್ನು ನೋಡಬೇಕು. ನಮ್ಮ ಕಡೆಯ ಹಿಂದಿನ ಮನೆಗಳಲ್ಲಿ ಮದುವೆಯ ಹೆಣ್ಣಿಗೆ ಕೊಡುವ ಸೀರೆಗಳಲ್ಲಿ ಕಸೂತಿ ಹಾಕಿದ ಕರಿಯ ಚಂದ್ರಕಾಳಿಗೆ ವಿಶೇಷ ಗೌರವವಿತ್ತು. ಧಾರೆಯ ಹೊತ್ತಿಗೆ ಕಪ್ಪು ಬೇಡ. ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ಅನೇಕ ಮನೆಗಳಲ್ಲಿ ಕಪ್ಪೇ ಬೇಕು. ಚಳಿಗಾಲದಲ್ಲಿ ಕಪ್ಪು ಮೈಯನ್ನು ಬೆಚ್ಚಗಿಡುತ್ತದೆಂದು ಹಿರಿಯರು ಕಾರಣ ಕೊಡುತ್ತಾರೆ. ಮುತ್ತೈದೆಯ ಕೊರಳಿನ ಕರಿಮಣಿ, ಕೂಸಿನ ಕೆನ್ನೆಯ ದೃಷ್ಟಿಬೊಟ್ಟು, ಕಣ್ಣಿನ ಕಾಡಿಗೆ ಇವೂ ಕಪ್ಪೇ. ಕಪ್ಪನ್ನು ಹೊಸ್ತಿಲಿನಿಂದ ಹೊರಗೆ ನಿಲ್ಲಿಸಿದ ಸಂಪ್ರದಾಯವೇ ಕಾವಲಿಗೆಂದು ಅದನ್ನು ಒಳಗೆ ಕರೆದುಕೊಂಡಿತು.

ಚಂದ್ರಕಾಳಿಯ ಮೇಲೆ ಕಸೂತಿಯನ್ನು ಹಾಕುವ ಹೆಣ್ಣುಮಗಳು ಇನ್ನೊಂದು ಕಾರಣವನ್ನು ತೋರಿಸುತ್ತಾಳೆ. ಗವಂತಿ, ಮುರಗಿ, ನೇಗಿ, ಮೆಂತ್ಯ ಎಂಬ ಹೊಲಿಗೆಗಳಲ್ಲಿ ಅವಳು ಎಳೆಗಳನ್ನು ಎಣಿಸುತ್ತ ಗೋಪುರ, ತುಳಸಿಕಟ್ಟೆ, ಆನೆಯಂಬಾರಿಗಳನ್ನು ಮೂಡಿಸುತ್ತಾಳೆ. ಕರಿಯ ನೆಲದ ಮೇಲೆ ಬಿಳಿಯ ಎಳೆ, ಕೆಂಪು ಎಳೆ, ಹಳದಿ ಎಳೆ ಎಲ್ಲವೂ ಎದ್ದು ಕಾಣುತ್ತವೆ. ಯಾವ ಬಣ್ಣದೊಡನೆಯೂ ಕಪ್ಪು ಜಗಳವಾಡುವುದಿಲ್ಲ. ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಳೆದ ಅಕ್ಷರ ಹಿಂದಿನ ಸಾಲಿನ ಹುಡುಗನಿಗೂ ಕಾಣುತ್ತಿತ್ತು. ತಾನು ಹಿಂದೆ ನಿಂತು ಉಳಿದುದನ್ನು ಮುಂದೆ ತರುವುದು ಈ ಬಣ್ಣದ ಗುಣ.

ಕೋಟಿನ ಕಪ್ಪಾದರೋ ಹೊರಗಿನಿಂದ ಬಂದುದು. 1694ರಲ್ಲಿ ಇಂಗ್ಲೆಂಡಿನ ರಾಣಿ ಎರಡನೆಯ ಮೇರಿ ತೀರಿಕೊಂಡಾಗ ನ್ಯಾಯಾಧೀಶರೂ ವಕೀಲರೂ ಶೋಕಕ್ಕೆಂದು ತೊಟ್ಟ ಕಪ್ಪು ಹಾಗೆಯೇ ಉಳಿಯಿತೆಂಬ ಕಥೆ ಪ್ರಸಿದ್ಧವಾಗಿದೆ. ಅದು ಸಾಮ್ರಾಜ್ಯದೊಡನೆ ಸಮುದ್ರ ದಾಟಿ ತಾಲೂಕಿನ ಕಚೇರಿಯವರೆಗೂ ಬಂದಿತು. ಮುಂಬಯಿ ಪ್ರಾಂತದ ಕಾಲದಲ್ಲಿ ನಮ್ಮ ಶಿಕ್ಷಕರೂ ಗುಮಾಸ್ತರೂ ಕರಿಯ ಕೋಟಿನ ಮೇಲೆ ಕರಿಯ ಟೋಪಿಯನ್ನಿಟ್ಟು ಗೌರವವನ್ನು ಗಳಿಸಿದರು. 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಆ ವರ್ಷಗಳಲ್ಲಿ ಅನೇಕ ತಲೆಗಳ ಮೇಲಿನ ಕರಿಯ ಟೋಪಿ ಇಳಿದು ಖಾದಿಯ ಬಿಳಿ ಟೋಪಿ ಏರಿತು. ಅಧಿಕಾರದ ಬಣ್ಣ ಯಾವುದು, ಜನತೆಯ ಬಣ್ಣ ಯಾವುದು ಎಂಬ ವಾದ ತಲೆಯ ಮೇಲೆಯೇ ನಡೆದಂತಾಯಿತು.

ಬಿಸಿಲಿನ ನಾಡಿನಲ್ಲಿ ಕಪ್ಪು ಹೇಗೆ ಸಹ್ಯವಾಗುತ್ತದೆ ಎಂದು ಕೇಳಬಹುದು. ಮರುಭೂಮಿಯ ಬೆದುಯಿನ್ ಜನ ಕರಿಯ ನಿಲುವಂಗಿಯನ್ನೇಕೆ ತೊಡುತ್ತಾರೆಂದು ವಿಜ್ಞಾನಿಗಳು ಅಳೆದು ನೋಡಿ 1980ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕರಿಯ ಬಟ್ಟೆ ಹೆಚ್ಚು ಬಿಸಿಲನ್ನು ಹೀರುವುದು ನಿಜ. ಆದರೆ ಅಂಗಿ ಸಡಿಲವಾಗಿದ್ದುದರಿಂದ ಒಳಗೆ ಗಾಳಿಯಾಡಿ ಆ ಶಾಖ ಮೈಗೆ ಮುಟ್ಟುವ ಮೊದಲೇ ಹೊರಟುಹೋಗುತ್ತಿತ್ತು. ಬಿಳಿಯ ಅಂಗಿಯವನಿಗೂ ಕರಿಯ ಅಂಗಿಯವನಿಗೂ ತಗಲಿದ ಸೆಕೆ ಒಂದೇ. ಹೆಗಲಿನಿಂದ ಇಳಿಬಿದ್ದ ಕಂಬಳಿಯವನಿಗೆ ಈ ಮಾತು ಸಲ್ಲಬಹುದು, ಬಿಗಿಯಾದ ಕೋಟಿನವನಿಗೆ ಸಲ್ಲದು. ಬೇಸಗೆಯಲ್ಲಿ ಕೆಳಗಿನ ನ್ಯಾಯಾಲಯಗಳಲ್ಲಿ ಕರಿಯ ಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ವಿನಾಯಿತಿ ಕೊಟ್ಟಿದೆ.

ಇನ್ನು ಬೂಟು. ನಮ್ಮ ನೆಲದ ಪಾದರಕ್ಷೆ ಕಪ್ಪಲ್ಲ. ಅಥಣಿ, ನಿಪ್ಪಾಣಿಗಳ ಕಡೆ ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಿದ ಚರ್ಮದ ಚಪ್ಪಲಿಗಳಿಗೆ ಬೆಲ್ಲದ ಬಣ್ಣ. ಕರಿಯ ಬೂಟು ದಂಡು, ಪೊಲೀಸು, ಶಾಲೆಗಳ ಮೂಲಕ ಬಂದುದು. ಅದು ನೆಲೆಯೂರಿದ ಕಾರಣಗಳು ಸರಳ: ಚರ್ಮದ ಗಾಯ, ಕಲೆ, ಬಣ್ಣದ ಏರುಪೇರುಗಳನ್ನೆಲ್ಲ ಕಪ್ಪು ಮುಚ್ಚುತ್ತದೆ, ಒಂದೇ ಡಬ್ಬಿಯ ಪಾಲಿಶಿನಿಂದ ಮನೆಯವರೆಲ್ಲರ ಬೂಟು ಹೊಳೆಯುತ್ತದೆ, ಯಾವ ಬಣ್ಣದ ಉಡುಪಿಗಾದರೂ ಹೊಂದುತ್ತದೆ. ಆದರೆ ಈ ಕಪ್ಪಿಗೆ ನಮ್ಮಲ್ಲಿ ಒಂದು ದೊಡ್ಡ ಅರ್ಥವೂ ಉಂಟಾಯಿತು. ಚರ್ಮವನ್ನು ಹದಮಾಡಿ ಊರಿಗೆಲ್ಲ ಕೆರ ಹೊಲಿದು ಕೊಟ್ಟವರು ಅದನ್ನು ಮೆಟ್ಟಿ ಮೇಲಿನವರ ಓಣಿಯಲ್ಲಿ ನಡೆಯುವಂತಿರಲಿಲ್ಲ. ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಹೋಗಬೇಕಾಗಿತ್ತು. 2015-16ರಲ್ಲಿ ಕರ್ನಾಟಕ ಸರಕಾರ ತನ್ನ ಶಾಲೆಗಳ ಮಕ್ಕಳಿಗೆಲ್ಲ ಒಂದು ಜೊತೆ ಕರಿಯ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆಯನ್ನು ಆರಂಭಿಸಿತು. ಬೂಟಿನ ಗುಣಮಟ್ಟದ ಬಗ್ಗೆ ಯಾರು ಏನಾದರೂ ಹೇಳಲಿ. ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ಯಾವ ಕಾಲು ಯಾವ ಓಣಿಯದೆಂದು ಬೂಟನ್ನು ನೋಡಿ ಹೇಳಲು ಬರುವುದಿಲ್ಲ. ಕರಿಯ ಬಣ್ಣ ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ ಎಂದು ನಾನು ತಿಳಿದಿದ್ದೇನೆ.

ಹೀಗೆ ಎಣಿಸುತ್ತ ಹೋದರೆ ಕಾರಣಗಳೆಲ್ಲ ಒಂದೇ ಕಡೆ ಕೂಡುತ್ತವೆ. ಕಪ್ಪು ಕೊಳೆಯನ್ನು ಮುಚ್ಚುತ್ತದೆ, ದೋಷವನ್ನು ಮುಚ್ಚುತ್ತದೆ, ಮೇಲು ಕೀಳುಗಳನ್ನು ಮುಚ್ಚುತ್ತದೆ. ತನ್ನ ಮೇಲೆ ಬಂದ ಚಿತ್ತಾರವನ್ನು ಮಾತ್ರ ಎತ್ತಿ ತೋರಿಸುತ್ತದೆ. ಇಷ್ಟೆಲ್ಲ ಉಪಕಾರ ಮಾಡಿದ ಬಣ್ಣವನ್ನು ನಾವು ಮನುಷ್ಯರ ಮೈಯ ಮೇಲೆ ಕಂಡಾಗ ಹೇಗೆ ನಡೆದುಕೊಳ್ಳುತ್ತೇವೆ?

ಪರಿಚಯದ ಮನೆಯೊಂದರಲ್ಲಿ ಹಿರಿಯ ಮಗಳ ಮೊದಲ ಸಂಕ್ರಾಂತಿಗೆ ಚಂದ್ರಕಾಳಿ ತಂದಿದ್ದರು. ಮಡಿಕೆ ಬಿಚ್ಚಿ ಹಾಸಿ, ನೆರೆಹೊರೆಯವರೆಲ್ಲ 'ಎಂಥಾ ಬಣ್ಣ!' ಎಂದು ಸೆರಗನ್ನು ಮುಟ್ಟಿ ನೋಡಿದರು. ಅಷ್ಟರಲ್ಲಿ ಕಿರಿಯ ಮಗಳನ್ನು ನೋಡಿಹೋದ ವರನ ಕಡೆಯವರ ಮಾತು ಬಂತು. 'ಹುಡುಗಿ ಶಾಣ್ಯಾಕಿ ಅದಾಳ, ಆದರ ಬಣ್ಣ ಕಡಿಮಿ ಅಂದ್ರು' ಎಂದು ತಾಯಿ ದನಿ ಇಳಿಸಿ ಹೇಳಿದರು. ಆ ಹುಡುಗಿ ಬಿ.ಎ. ಓದುತ್ತಿದ್ದಳು. ಅವಳು ಏನೂ ಹೇಳಲಿಲ್ಲ. ಹಾಸಿದ್ದ ಸೀರೆಯನ್ನು ಮಡಚಿ ಒಳಗೆ ಒಯ್ದಳು. ಆ 'ಬಣ್ಣ ಕಡಿಮೆ' ಎಂಬ ಮಾತು ನನ್ನನ್ನು ಬಹಳ ದಿನ ಕಾಡಿತು. ಸೀರೆ ಕಪ್ಪಾಗಿದ್ದರೆ ಬಣ್ಣ ತುಂಬಿದೆ ಎನ್ನುತ್ತೇವೆ. ಹುಡುಗಿ ಕಪ್ಪಾಗಿದ್ದರೆ ಬಣ್ಣ ಕಡಿಮೆ ಎನ್ನುತ್ತೇವೆ. ಒಂದೇ ಭಾಷೆ, ಒಂದೇ ಬಾಯಿ, ಒಂದೇ ಕೋಣೆ.

ಇದಕ್ಕೆ ಪುರಾಣದ ಆಧಾರವೂ ಇಲ್ಲ. ಮಹಾಭಾರತವನ್ನು ಬರೆದ ವ್ಯಾಸರು ಕೃಷ್ಣದ್ವೈಪಾಯನರು. ಅದರ ಸೂತ್ರಧಾರ ಕೃಷ್ಣ. ಅದರ ನಾಯಕಿ ದ್ರೌಪದಿಯ ಹೆಸರು ಕೃಷ್ಣೆ. ಮೂವರ ಹೆಸರಿಗೂ ಅರ್ಥ ಕಪ್ಪೆಂದೇ. ಮಲಪ್ರಭೆ ಈ ಸೀಮೆಯನ್ನು ಹಾಯ್ದು ಕೊನೆಗೆ ಸೇರುವ ಹೊಳೆಯ ಹೆಸರೂ ಕೃಷ್ಣೆಯೇ. ನಾವು ಪೂಜಿಸುವುದು ಇವರನ್ನು. ಆದರೆ 1975ರಲ್ಲಿ ಅಂಗಡಿಗೆ ಬಂದ 'ಫೇರ್ ಅಂಡ್ ಲವ್ಲಿ' ಮುಲಾಮನ್ನು ಹಳ್ಳಿಯ ಕಿರಾಣಿ ಅಂಗಡಿಯವರೆಗೂ ಮುಟ್ಟಿಸಿದವರೂ ನಾವೇ. 2020ರಲ್ಲಿ ಅದರ ಹೆಸರಿನಿಂದ 'ಫೇರ್' ಎಂಬ ಶಬ್ದ ಕಳಚಿತು. ವರಾನ್ವೇಷಣೆಯ ಜಾಹೀರಾತುಗಳಲ್ಲಿ 'ಗೌರವರ್ಣ' ಎಂಬ ಶಬ್ದ ಇನ್ನೂ ಕಳಚಿಲ್ಲ.

ಎರೆಯ ಹೊಲವನ್ನು ಕೊಳ್ಳುವಾಗ ಒಕ್ಕಲಿಗ ಮಣ್ಣು ಎಷ್ಟು ಕಪ್ಪಾಗಿದೆಯೆಂದು ನೋಡುತ್ತಾನೆ. ಕಪ್ಪು ಹೆಚ್ಚಿದಷ್ಟೂ ಬೆಲೆ ಹೆಚ್ಚು. 'ಬಣ್ಣ ಕಡಿಮೆ' ಎಂದು ಅವನು ಹೇಳುವುದು ಬೆಳ್ಳಗಾದ ಸವಳು ನೆಲಕ್ಕೆ. ಬಣ್ಣದ ವಿಷಯದಲ್ಲಿ ನಮ್ಮ ಮನೆಗಳು ಇನ್ನೂ ಕಲಿಯಬೇಕಾದ ಪಾಠ ಆ ಹೊಲದಲ್ಲಿದೆ. ಶಾಲೆಯಲ್ಲಿ ಕಲಿಸುವವರು, ಮನೆಯಲ್ಲಿ ಹೆಣ್ಣುಮಕ್ಕಳಿರುವವರು ಆ ಒಂದು ಮಾತನ್ನಾದರೂ ನಾಲಿಗೆಯಿಂದ ಬಿಟ್ಟರೆ ಸಾಕು. ಕರಿಯ ಸೀರೆಯನ್ನು ಮಡಚಿ ಒಳಗೆ ಒಯ್ದ ಹುಡುಗಿ ಮುಂದಿನ ಸಂಕ್ರಾಂತಿಗೆ ಅದನ್ನು ತಾನೇ ಉಟ್ಟು ಹೊರಗೆ ಬರುವಳು.